ನೇರ ಕರೆಯೋ, ಹೆಸರಿನ ಕರೆಯೋ? ಜಾಲತಾಣಗಳ ಒಡಲೊಳಗಿನ ಒಂದು ಸೂಕ್ಷ್ಮ

ಅಂತರಜಾಲಕ್ಕೆ ತೆರೆದುಕೊಂಡಿರುವ ಸರ್ವರುಗಳ ದಾಖಲೆ ಕಡತಗಳನ್ನು ಬಿಡಿಸಿ ನೋಡುವ ಅಭ್ಯಾಸವುಳ್ಳವರಿಗೆ ಒಂದು ಸಾಲು ಚಿರಪರಿಚಿತ. ಎಲ್ಲಿಂದಲೋ ಬಂದ ಕೋರಿಕೆಯೊಂದು ತಾಣದ ವಿಳಾಸದ ಮುಂದೆ ‘ಇನ್‌ವೋಕ್‌ಫಂಕ್ಷನ್’ ಎಂಬ ಪದವನ್ನೂ ಅದರ ಬೆನ್ನಿಗೆ ‘ಕಾಲ್ ಯೂಸರ್ ಫಂಕ್ ಅರೇ’ ಎಂಬ ಇನ್ನೊಂದನ್ನೂ ಹೊತ್ತು ತಂದಿರುತ್ತದೆ. ಆ ಸರ್ವರಿನಲ್ಲಿರುವುದು ಶಾಲೆಯೊಂದರ ತಾಣವೋ, ಸೀರೆ ಅಂಗಡಿಯದೋ ಎಂಬುದು ಕಳಿಸಿದವರಿಗೆ ಬೇಕಿಲ್ಲ. ಕಳಿಸುವುದು ಮನುಷ್ಯರಲ್ಲ, ಜಗತ್ತಿನ ಸರ್ವರುಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತ ಹೋಗುವ ತಂತ್ರಾಂಶ. 2018ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಲೋಪವೊಂದನ್ನು ಹುಡುಕಿಕೊಂಡು ಅದು ಅಲೆಯುತ್ತಿದೆ.

ಆ ಲೋಪವು ಥಿಂಕ್‌ಪಿಎಚ್‌ಪಿ ಎಂಬ, ಚೀನಾದಲ್ಲಿ ರೂಪುಗೊಂಡು ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ತಂತ್ರಾಂಶ ಚೌಕಟ್ಟಿನದು. ಅದರ ಬೇರು ಇರುವುದು ಪ್ರೋಗ್ರಾಮರುಗಳು ದಿನವೂ ಯೋಚಿಸದೆಯೇ ಮಾಡುವ ಒಂದು ಆಯ್ಕೆಯಲ್ಲಿ: ಒಂದು ಫಂಕ್ಷನ್ನನ್ನು ನೇರವಾಗಿ ಕರೆಯಬೇಕೋ ಅಥವಾ ಅದರ ಹೆಸರನ್ನು ಹಿಡಿದು ಕರೆಸಬೇಕೋ?

ಫಂಕ್ಷನ್ ಎಂದರೆ ಒಂದು ನಿರ್ದಿಷ್ಟ ಕೆಲಸವನ್ನು ಮಾಡಲು ಬರೆದಿಟ್ಟ ಸೂಚನೆಗಳ ಕಟ್ಟು. ವಿದ್ಯುತ್ ಬಿಲ್ ಪಾವತಿಯ ತಾಣವೊಂದನ್ನು ಊಹಿಸಿಕೊಳ್ಳಿ. ಬಾಕಿ ಎಷ್ಟೆಂದು ಲೆಕ್ಕ ಹಾಕುವುದಕ್ಕೊಂದು ಫಂಕ್ಷನ್, ಹಣ ಪಡೆಯುವುದಕ್ಕೊಂದು, ರಸೀದಿ ಮುದ್ರಿಸುವುದಕ್ಕೆ ಮತ್ತೊಂದು. ಪ್ರತಿಯೊಂದಕ್ಕೂ ಒಂದು ಹೆಸರಿರುತ್ತದೆ. ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿದರೆ ಆ ಕೆಲಸ ನಡೆಯುತ್ತದೆ. ಪ್ರೋಗ್ರಾಮಿನ ಪಠ್ಯದಲ್ಲಿಯೇ ‘ರಸೀದಿ’ ಎಂದು ಬರೆದು ಆವರಣ ಹಾಕುವುದು ನೇರ ಕರೆ. ಇಲ್ಲಿ ಯಾವ ಫಂಕ್ಷನ್ ನಡೆಯಬೇಕೆಂಬುದನ್ನು ಬರೆದವರು ಬರೆಯುವಾಗಲೇ ನಿಶ್ಚಯಿಸಿರುತ್ತಾರೆ.

ಎರಡನೆಯ ಬಗೆಯಲ್ಲಿ ಫಂಕ್ಷನ್ನಿನ ಹೆಸರು ಪ್ರೋಗ್ರಾಮಿನ ಪಠ್ಯದಲ್ಲಿ ಇರುವುದಿಲ್ಲ, ದತ್ತಾಂಶದಲ್ಲಿ ಇರುತ್ತದೆ. ಒಂದು ವೇರಿಯಬಲ್ಲಿನೊಳಗೆ ‘ರಸೀದಿ’ ಎಂಬ ಅಕ್ಷರಮಾಲೆಯನ್ನು ಇಟ್ಟು, ‘ಈ ಪೆಟ್ಟಿಗೆಯೊಳಗೆ ಯಾವ ಹೆಸರಿದೆಯೋ ಆ ಹೆಸರಿನ ಫಂಕ್ಷನ್ನನ್ನು ನಡೆಸು’ ಎಂದು ಭಾಷೆಗೆ ಹೇಳಲಾಗುತ್ತದೆ. ಕಚೇರಿಯಲ್ಲಿ ಎದುರು ಮೇಜಿನ ಗುಮಾಸ್ತರನ್ನು ನೇರವಾಗಿ ಮಾತನಾಡಿಸುವುದು ಒಂದು ಕ್ರಮ. ಜವಾನನ ಕೈಗೆ ಚೀಟಿ ಕೊಟ್ಟು ‘ಇದರಲ್ಲಿರುವ ಹೆಸರಿನವರನ್ನು ಕರೆದು ಬಾ’ ಎನ್ನುವುದು ಇನ್ನೊಂದು. ಚೀಟಿಯ ಅನುಕೂಲ ದೊಡ್ಡದು. ಹೆಸರನ್ನು ಬದಲಿಸಿದರೆ ಸಾಕು, ಅದೇ ಜವಾನ ಬೇರೆಯವರನ್ನು ಕರೆತರುತ್ತಾನೆ. ಆದರೆ ಆ ಚೀಟಿಯನ್ನು ಬರೆದವರು ಯಾರು ಎಂಬ ಪ್ರಶ್ನೆಯನ್ನು ಜವಾನ ಕೇಳುವುದಿಲ್ಲ.

ಸಿ ಮೊದಲಾದ ಭಾಷೆಗಳಲ್ಲಿ ಈ ಎರಡನೆಯ ದಾರಿ ಸುಲಭವಲ್ಲ. ಅಲ್ಲಿ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವಾಗ ಹೆಸರುಗಳು ಸಾಮಾನ್ಯವಾಗಿ ಕರಗಿ ವಿಳಾಸಗಳಾಗಿಬಿಡುತ್ತವೆ. ಸ್ಕ್ರಿಪ್ಟಿಂಗ್ ಭಾಷೆಗಳೆಂದು ಕರೆಯಲಾಗುವ ಪಿಎಚ್‌ಪಿ, ಪರ್ಲ್, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಹಾಗಲ್ಲ. ಪ್ರೋಗ್ರಾಮು ನಡೆಯುತ್ತಿರುವಾಗಲೂ ಹೆಸರುಗಳು ಜೀವಂತವಾಗಿ ಕೋಷ್ಟಕಗಳಲ್ಲಿ ಕುಳಿತಿರುತ್ತವೆ. ಹುಡುಕಿದರೆ ಸಿಗುತ್ತವೆ.

ಹೆಸರಿನ ಉದ್ದವೇ ವಿಳಾಸವಾಗಿದ್ದ ಕಾಲ

ಈ ಬಗೆಯ ಕರೆಯನ್ನು ಅತ್ಯಂತ ಧಾರಾಳವಾಗಿ ಬಳಸುವ ಭಾಷೆ ಪಿಎಚ್‌ಪಿ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತಮ್ಮ ವೈಯಕ್ತಿಕ ತಾಣದ ಉಪಯೋಗಕ್ಕೆಂದು ಬರೆದುಕೊಂಡ ಸಲಕರಣೆಗಳು 1995ರ ಜೂನಿನಲ್ಲಿ ಸಾರ್ವಜನಿಕರಿಗೆ ದೊರೆತವು. ವರ್ಡ್‌ಪ್ರೆಸ್ ಇದೇ ಭಾಷೆಯಲ್ಲಿದೆ. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯೂ ಇದೇ ಭಾಷೆಯಲ್ಲಿದೆ.

ಪಿಎಚ್‌ಪಿಯ ಫಂಕ್ಷನ್ ಹೆಸರುಗಳಲ್ಲಿ ಯಾವ ಶಿಸ್ತೂ ಇಲ್ಲವೆಂದು ಗೊಣಗದ ಪ್ರೋಗ್ರಾಮರು ವಿರಳ. ಕೆಲವು ಹೆಸರುಗಳಲ್ಲಿ ಅಡಿಗೆರೆ ಇದೆ, ಕೆಲವುಗಳಲ್ಲಿ ಇಲ್ಲ; ಕೆಲವು ಅತಿ ಚಿಕ್ಕವು, ‘ಎಚ್‌ಟಿಎಂಎಲ್‌ಸ್ಪೆಷಲ್‌ಕ್ಯಾರ್ಸ್’ನಂಥವು ಅತಿ ಉದ್ದ. ಇದಕ್ಕೊಂದು ಸ್ವಾರಸ್ಯಕರವಾದ ಕಾರಣವನ್ನು ಲೆರ್ಡಾರ್ಫ್ 2013ರಲ್ಲಿ ತಿಳಿಸಿದರು. ಆರಂಭದ ದಿನಗಳಲ್ಲಿ ಪಿಎಚ್‌ಪಿಯಲ್ಲಿ ನೂರಕ್ಕಿಂತ ಕಡಿಮೆ ಫಂಕ್ಷನ್ನುಗಳಿದ್ದವು. ಹೆಸರನ್ನು ಕೊಟ್ಟರೆ ಫಂಕ್ಷನ್ನನ್ನು ಹುಡುಕುವ ಕೋಷ್ಟಕವು ಆ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂಬುದರ ಮೇಲೆ ವಿಭಾಗಗೊಂಡಿತ್ತು. ಐದಕ್ಷರದ ಹೆಸರುಗಳೆಲ್ಲ ಒಂದು ಗೂಡಿನಲ್ಲಿ, ಆರಕ್ಷರದವು ಇನ್ನೊಂದರಲ್ಲಿ. ಒಂದೇ ಗೂಡು ತುಂಬಿ ತುಳುಕಿದರೆ ಹುಡುಕಾಟ ನಿಧಾನವಾಗುತ್ತದೆ. ಆದ್ದರಿಂದ ಎಲ್ಲ ಗೂಡುಗಳೂ ಸಮನಾಗಿ ತುಂಬಲೆಂದು ಹೆಸರುಗಳ ಉದ್ದವನ್ನೇ ಬೇಕೆಂದು ಹಿಗ್ಗಿಸಿ ಕುಗ್ಗಿಸಿ ಇಡಲಾಯಿತು! ಗೂಡಿನ ವ್ಯವಸ್ಥೆ ಎಂದೋ ಹೋಯಿತು. ಹೆಸರುಗಳು ಮಾತ್ರ ಉಳಿದುಕೊಂಡಿವೆ.

ಇಂದಿನ ಪಿಎಚ್‌ಪಿಯಲ್ಲಿ ನೇರ ಕರೆಗೂ ಹುಡುಕಾಟ ಇದ್ದೇ ಇದೆ. ಆದರೆ ಅದು ಜಾಣತನದಿಂದ ನಡೆಯುತ್ತದೆ. ಮೊದಲ ಬಾರಿ ಹುಡುಕಿ ಸಿಕ್ಕ ಫಂಕ್ಷನ್ನಿನ ಗುರುತನ್ನು ಆ ಕರೆಯ ಜಾಗದಲ್ಲಿಯೇ ಬರೆದಿಟ್ಟುಕೊಂಡು ಮುಂದಿನ ಬಾರಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ವೇರಿಯಬಲ್ಲಿನಲ್ಲಿ ಬಂದ ಹೆಸರಿಗೆ ಈ ಸೌಲಭ್ಯವಿಲ್ಲ. ಪ್ರತಿ ಸಲವೂ ಅದನ್ನು ಸಣ್ಣಕ್ಷರಗಳಿಗೆ ಇಳಿಸಿ ಕೋಷ್ಟಕದಲ್ಲಿ ಹುಡುಕಬೇಕು. ಹಾಗಾದರೆ ಹೆಸರಿನ ಕರೆ ನಿಧಾನವೇ? ಹೌದು, ಆದರೆ ವ್ಯತ್ಯಾಸ ಒಂದು ಮೈಕ್ರೊಸೆಕೆಂಡಿಗಿಂತ ಕಡಿಮೆ. ದತ್ತಸಂಚಯಕ್ಕೆ ಕೇಳುವ ಒಂದೇ ಒಂದು ಪ್ರಶ್ನೆಗೆ ಇದರ ಸಾವಿರಾರು ಪಟ್ಟು ಸಮಯ ಹಿಡಿಯುತ್ತದೆ. ವೇಗದ ಹೆಸರಿನಲ್ಲಿ ಈ ಎರಡು ಬಗೆಗಳನ್ನು ತೂಗಿ ನೋಡುವವರು ತಪ್ಪು ತಕ್ಕಡಿಯನ್ನು ಹಿಡಿದಿದ್ದಾರೆ ಎಂದೇ ಹೇಳಬೇಕು.

ಹೆಸರಿನ ಕರೆ ಏಕೆ ಬೇಕು?

ವರ್ಡ್‌ಪ್ರೆಸ್ಸನ್ನೇ ನೋಡಿ. 2003ರಲ್ಲಿ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಆರಂಭಿಸಿದ ಈ ತಂತ್ರಾಂಶವನ್ನು ಇಂದು ಜಗತ್ತಿನ ಪ್ರತಿ ಐದು ತಾಣಗಳಲ್ಲಿ ಎರಡಕ್ಕೂ ಹೆಚ್ಚು ಬಳಸುತ್ತಿವೆಯೆಂದು ಸಮೀಕ್ಷೆಗಳು ಹೇಳುತ್ತವೆ. ಅದರ ಜನಪ್ರಿಯತೆಗೆ ಮುಖ್ಯ ಕಾರಣ ಪ್ಲಗಿನ್‌ಗಳು. ಯಾರು ಬೇಕಾದರೂ ಬರೆದ ತುಣುಕನ್ನು ತಾಣಕ್ಕೆ ಸೇರಿಸಿ ಹೊಸ ಸೌಲಭ್ಯ ಪಡೆಯಬಹುದು. ಈಗ ಯೋಚಿಸಿ: ವರ್ಡ್‌ಪ್ರೆಸ್ಸನ್ನು ಬರೆದವರಿಗೆ, ಹತ್ತು ವರ್ಷಗಳ ನಂತರ ಹುಬ್ಬಳ್ಳಿಯಲ್ಲಿಯೋ ಮಂಗಳೂರಿನಲ್ಲಿಯೋ ಒಬ್ಬರು ಬರೆಯಲಿರುವ ಫಂಕ್ಷನ್ನಿನ ಹೆಸರು ಹೇಗೆ ಗೊತ್ತಿರಬೇಕು? ಗೊತ್ತಿಲ್ಲದ್ದನ್ನು ನೇರವಾಗಿ ಕರೆಯಲು ಬರುವುದಿಲ್ಲ.

ಪರಿಹಾರವಾಗಿ ವರ್ಡ್‌ಪ್ರೆಸ್ ‘ಕೊಕ್ಕೆ’ಗಳನ್ನು ಇಟ್ಟಿದೆ. ಲೇಖನವೊಂದು ಉಳಿಸಲ್ಪಟ್ಟಾಗ, ಪುಟ ತೆರೆದುಕೊಳ್ಳುವಾಗ, ಬಳಕೆದಾರರು ಒಳಬಂದಾಗ, ಹೀಗೆ ಒಂದೊಂದು ಘಟ್ಟಕ್ಕೂ ಒಂದು ಕೊಕ್ಕೆ. ‘ಈ ಘಟ್ಟ ಬಂದಾಗ ಈ ಹೆಸರಿನ ಫಂಕ್ಷನ್ನನ್ನು ಕರೆಯಿರಿ’ ಎಂದು ಪ್ಲಗಿನ್ ತನ್ನ ಹೆಸರನ್ನು ಅಲ್ಲಿ ನೇತುಹಾಕುತ್ತದೆ. ಘಟ್ಟ ಬಂದಾಗ ವರ್ಡ್‌ಪ್ರೆಸ್ ಆ ಪಟ್ಟಿಯನ್ನು ಓದಿ ಒಂದೊಂದನ್ನೇ ಕರೆಯುತ್ತದೆ. ಕರೆಯಲು ಬಳಸುವುದು, ಮೇಲೆ ಹೇಳಿದ ‘ಕಾಲ್ ಯೂಸರ್ ಫಂಕ್ ಅರೇ’ಯನ್ನೇ. ಅದು ದಾಳಿಕೋರರ ಆಯುಧವಷ್ಟೇ ಅಲ್ಲ, ಸಂಸಾರಸ್ಥರ ಮನೆಯ ಈಳಿಗೆಮಣೆಯೂ ಹೌದು.

ಹೆಸರು ಇರುವುದರಿಂದ ಇನ್ನೊಂದು ಪ್ರಯೋಜನವಿದೆ. ಒಂದು ಪ್ಲಗಿನ್ ನೇತುಹಾಕಿದ ಫಂಕ್ಷನ್ ಬೇಡವಾದರೆ, ಅದೇ ಹೆಸರನ್ನು ಹೇಳಿ ಮತ್ತೊಬ್ಬರು ಅದನ್ನು ಕೊಕ್ಕೆಯಿಂದ ಇಳಿಸಬಹುದು. 2009ರಲ್ಲಿ ಪಿಎಚ್‌ಪಿಯ 5.3ನೆಯ ಆವೃತ್ತಿ ಬಂದಾಗ ಹೆಸರಿಲ್ಲದ ಫಂಕ್ಷನ್ನುಗಳನ್ನು ಬರೆಯುವ ಸೌಲಭ್ಯ ದೊರೆಯಿತು. ಕೊಕ್ಕೆಗೆ ಅವನ್ನೂ ನೇತುಹಾಕಬಹುದು. ಆದರೆ ಹಾಗೆ ನೇತುಹಾಕಿದ್ದನ್ನು ಹೊರಗಿನವರು ಇಳಿಸುವುದು ಕಷ್ಟ, ಏಕೆಂದರೆ ಕರೆದು ಹೇಳಲು ಹೆಸರೇ ಇಲ್ಲ. ಹೆಸರಿನ ಕರೆಯನ್ನು ಹಳೆಯ ಕಾಲದ್ದೆಂದು ಹಳಿಯುವವರು ಇದನ್ನು ಮರೆಯುತ್ತಾರೆ.

ಇನ್ನು ತೊಂದರೆಗಳು. ಹೆಸರು ದತ್ತಾಂಶವಾದ ಕೂಡಲೇ ಅದು ಪ್ರೋಗ್ರಾಮರ ಸಲಕರಣೆಗಳ ಕಣ್ಣಿನಿಂದ ಮರೆಯಾಗುತ್ತದೆ. ನೇರ ಕರೆಯಲ್ಲಿ ಒಂದಕ್ಷರ ತಪ್ಪಿದರೆ ಇಂದಿನ ಸಂಪಾದಕ ತಂತ್ರಾಂಶಗಳು ಕೆಂಪು ಗೆರೆ ಎಳೆಯುತ್ತವೆ. ಉದ್ಧರಣ ಚಿಹ್ನೆಗಳೊಳಗಿನ ಹೆಸರು ತಪ್ಪಾದರೆ ಅದು ಅವುಗಳ ಪಾಲಿಗೆ ಕೇವಲ ಒಂದು ಪದ. ‘ನಮಸ್ಕಾರ’ ಎಂಬ ಪದಕ್ಕೂ ಅದಕ್ಕೂ ಭೇದವಿಲ್ಲ. ಫಂಕ್ಷನ್ನಿಗೆ ಹೊಸ ಹೆಸರಿಟ್ಟಾಗ ನೇರ ಕರೆಗಳೆಲ್ಲ ಒಟ್ಟಿಗೆ ಬದಲಾಗುತ್ತವೆ, ಅಕ್ಷರಮಾಲೆಯೊಳಗಿನವು ಹಾಗೆಯೇ ಉಳಿಯುತ್ತವೆ. ಯಾರೂ ಬಳಸುತ್ತಿಲ್ಲವೆಂದು ತೋರುವ ಫಂಕ್ಷನ್ನನ್ನು ಅಳಿಸಿದ ಮೇಲೆ, ತಿಂಗಳ ಕೊನೆಯಲ್ಲಿ ಮಾತ್ರ ನಡೆಯುವ ಯಾವುದೋ ವರದಿ ಮುರಿದು ಬೀಳುತ್ತದೆ.

ವರ್ಡ್‌ಪ್ರೆಸ್ ತಾಣಗಳ ಒಡೆಯರು ಇದನ್ನು ಇನ್ನೊಂದು ರೂಪದಲ್ಲಿ ಅನುಭವಿಸಿದ್ದಾರೆ. ಕೊಕ್ಕೆಯಲ್ಲಿರುವ ಹೆಸರಿನ ಫಂಕ್ಷನ್ ಇಲ್ಲದೇ ಹೋದರೆ ಪಿಎಚ್‌ಪಿಯ 7ನೆಯ ಸರಣಿಯವರೆಗೆ ಒಂದು ಎಚ್ಚರಿಕೆ ದಾಖಲಾಗಿ ಕೆಲಸ ಮುಂದುವರಿಯುತ್ತಿತ್ತು. ಆ ಎಚ್ಚರಿಕೆಯನ್ನು ಓದುವವರು ಯಾರು? 2020ರ ನವೆಂಬರಿನಲ್ಲಿ ಬಂದ 8ನೆಯ ಆವೃತ್ತಿಯಲ್ಲಿ ಅದೇ ತಪ್ಪು ಇಡೀ ಪುಟವನ್ನೇ ನಿಲ್ಲಿಸುವ ದೋಷವಾಯಿತು. ವರ್ಷಗಟ್ಟಲೆ ಒಳಗೊಳಗೇ ಇದ್ದ ತಪ್ಪು ಹೆಸರೊಂದು, ಸರ್ವರಿನ ಪಿಎಚ್‌ಪಿಯನ್ನು ಮೇಲ್ದರ್ಜೆಗೆ ಏರಿಸಿದ ದಿನ ತಾಣವನ್ನೇ ಕೆಡವುತ್ತದೆ. ಜೊತೆಗೆ ದೋಷದ ಸಂದೇಶ ಬೊಟ್ಟು ಮಾಡುವುದು ತಪ್ಪು ಬರೆದ ಪ್ಲಗಿನ್ನಿನ ಕಡೆಗಲ್ಲ, ಕರೆ ಮಾಡಲು ಹೋದ ವರ್ಡ್‌ಪ್ರೆಸ್ಸಿನ ಸ್ವಂತ ಕಡತದ ಕಡೆಗೆ. ಚೀಟಿ ಬರೆದವರು ತಪ್ಪಿಸಿಕೊಂಡರು, ಜವಾನ ಸಿಕ್ಕಿಬಿದ್ದ.

ಪಿಎಚ್‌ಪಿಯಲ್ಲಿ ಹೆಸರಿನ ಕರೆ ನೇರ ಕರೆಯಂತೆಯೇ ವರ್ತಿಸುತ್ತದೆಯೆಂದು ಭಾವಿಸುವುದೂ ಸರಿಯಲ್ಲ. ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸುವ ‘ಸಾರ್ಟ್’ ಎಂಬ ಫಂಕ್ಷನ್ ತನಗೆ ಕೊಟ್ಟ ಪಟ್ಟಿಯನ್ನೇ ತಿದ್ದುತ್ತದೆ. ‘ಕಾಲ್ ಯೂಸರ್ ಫಂಕ್’ನ ಮೂಲಕ ಅದನ್ನು ಕರೆಸಿದರೆ ತಲುಪುವುದು ಪಟ್ಟಿಯ ಪ್ರತಿ ಮಾತ್ರ. ಮೂಲ ಪಟ್ಟಿ ಇದ್ದಂತೆಯೇ ಇರುತ್ತದೆ. ಹಾಗೆಯೇ, ಹೆಸರುಗಳ ಘರ್ಷಣೆ ತಪ್ಪಿಸಲು ಮಾಡಿಕೊಂಡ ನಾಮವಲಯದ ಒಳಗೆ ಕುಳಿತು ನೇರವಾಗಿ ಕರೆದರೆ, ಮೊದಲು ಅದೇ ವಲಯದಲ್ಲಿ, ಸಿಗದಿದ್ದರೆ ಹೊರಗೆ ಹುಡುಕಾಟ ನಡೆಯುತ್ತದೆ. ಅಕ್ಷರಮಾಲೆಯ ಹೆಸರನ್ನಾದರೋ ಪೂರ್ಣ ವಿಳಾಸವೆಂದೇ ಪರಿಗಣಿಸಲಾಗುತ್ತದೆ. ಮನೆಯವರನ್ನು ಕರೆಯುವಾಗಲೂ ಮನೆತನದ ಹೆಸರನ್ನು ಸೇರಿಸಿಯೇ ಹೇಳಬೇಕು.

2016ರ ಡಿಸೆಂಬರಿನಲ್ಲಿ ಬಂದ 7.1ನೆಯ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಎಕ್ಸ್‌ಟ್ರಾಕ್ಟ್’, ‘ಕಾಂಪ್ಯಾಕ್ಟ್’ ಮೊದಲಾದ ಬೆರಳೆಣಿಕೆಯ ಫಂಕ್ಷನ್ನುಗಳನ್ನು ಹೆಸರು ಹಿಡಿದು ಕರೆಯಬಾರದೆಂದು ನಿಷೇಧಿಸಿತು. ಇವು ತಮ್ಮನ್ನು ಕರೆದವರ ಒಳಮನೆಯ ವೇರಿಯಬಲ್ಲುಗಳಿಗೇ ಕೈ ಹಾಕುವಂಥವು. ಇಂಥವರು ಬರುತ್ತಾರೆಂದು ಮೊದಲೇ ತಿಳಿದಿದ್ದರೆ ಭಾಷೆ ಸಿದ್ಧವಾಗಿರಬಲ್ಲದು; ಚೀಟಿಯ ಮೂಲಕ ಅನಿರೀಕ್ಷಿತವಾಗಿ ಬಂದರೆ ಪ್ರೋಗ್ರಾಮನ್ನು ವೇಗಗೊಳಿಸಲು ಮಾಡಿಕೊಂಡ ಲೆಕ್ಕಾಚಾರವೆಲ್ಲ ತಲೆಕೆಳಗು. ಒಂದೇ ಫಂಕ್ಷನ್, ನೇರವಾಗಿ ಕರೆದರೆ ಬರುತ್ತದೆ, ಹೆಸರು ಹಿಡಿದರೆ ಬರುವುದಿಲ್ಲ.

ಚೀಟಿ ಬರೆದವರು ಯಾರು?

ಈಗ ಥಿಂಕ್‌ಪಿಎಚ್‌ಪಿಗೆ ಮರಳೋಣ. ಇತರ ಚೌಕಟ್ಟುಗಳಂತೆ ಅದೂ ಜಾಲವಿಳಾಸದ ತುಂಡುಗಳನ್ನು ನೋಡಿ ಯಾವ ವರ್ಗದ ಯಾವ ಫಂಕ್ಷನ್ನನ್ನು ನಡೆಸಬೇಕೆಂದು ನಿರ್ಧರಿಸುತ್ತದೆ. ವಿಳಾಸದಲ್ಲಿ ಬಂದ ವರ್ಗದ ಹೆಸರು ಎಂಥದ್ದಿರಬೇಕೆಂಬ ಪರಿಶೀಲನೆ 2018ರ ಡಿಸೆಂಬರಿನವರೆಗೆ ಸಡಿಲವಾಗಿತ್ತು. ಹೆಸರಿನಲ್ಲಿ ಹಿಂಬಾಗಿದ ಗೆರೆಯೊಂದನ್ನು ಸೇರಿಸಿದರೆ ತಾಣದ ವರ್ಗಗಳಷ್ಟೇ ಅಲ್ಲ, ಚೌಕಟ್ಟಿನ ಒಳಗಿನ ಯಾವುದೇ ವರ್ಗವನ್ನು ಹೊರಗಿನವರು ಆರಿಸಬಹುದಾಗಿತ್ತು. ಒಳಗೆ ‘ಇನ್‌ವೋಕ್‌ಫಂಕ್ಷನ್’ ಎಂಬ ಉಪಯುಕ್ತ ಸಲಕರಣೆಯೊಂದಿತ್ತು; ಹೆಸರು ಕೊಟ್ಟರೆ ಆ ಫಂಕ್ಷನ್ನನ್ನು ಕರೆಯುವುದೇ ಅದರ ಕೆಲಸ. ದಾಳಿಕೋರರು ಅದಕ್ಕೆ ‘ಕಾಲ್ ಯೂಸರ್ ಫಂಕ್ ಅರೇ’ ಎಂಬ ಹೆಸರನ್ನು ಕೊಟ್ಟರು. ಅದರ ಕೈಗೆ ‘ಸಿಸ್ಟಮ್’ ಎಂಬ ಹೆಸರನ್ನು, ಅಂದರೆ ಸರ್ವರಿಗೇ ಆಜ್ಞೆ ನೀಡುವ ಫಂಕ್ಷನ್ನಿನ ಹೆಸರನ್ನು, ಕೊಟ್ಟರು. ಅಲ್ಲಿಂದ ಮುಂದೆ ಸರ್ವರು ಅವರದು. 5.0.23 ಮತ್ತು 5.1.31ನೆಯ ಆವೃತ್ತಿಗಳಲ್ಲಿ ಬಂದ ತಿದ್ದುಪಡಿ ಕೆಲವೇ ಸಾಲುಗಳದು: ವರ್ಗದ ಹೆಸರು ಅಕ್ಷರದಿಂದ ಆರಂಭವಾಗಬೇಕು, ಅದರಲ್ಲಿ ಇಂತಿಂಥ ಚಿಹ್ನೆಗಳಷ್ಟೇ ಇರಬೇಕು. ಮಿರಾಯ್ ಕುಲದ ದುಷ್ಟ ತಂತ್ರಾಂಶಗಳೂ ಈ ದಾರಿಯನ್ನು ಕಲಿತುಕೊಂಡವು.

ಮುಂದಿನ ತಿಂಗಳೇ ಅದೇ ಚೌಕಟ್ಟಿನಲ್ಲಿ ಎರಡನೆಯ ಲೋಪ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇದು ಮೊದಲನೆಯದಕ್ಕಿಂತ ಹೆಚ್ಚು ಬೋಧಪ್ರದ. ಜಾಲತಾಣದ ನಮೂನೆಗಳು ಸರ್ವರಿಗೆ ಮಾಹಿತಿಯನ್ನು ‘ಗೆಟ್’ ಅಥವಾ ‘ಪೋಸ್ಟ್’ ಎಂಬ ಎರಡೇ ವಿಧಾನಗಳಲ್ಲಿ ಕಳಿಸಬಲ್ಲವು. ‘ಪುಟ್’, ‘ಡಿಲೀಟ್’ ಮುಂತಾದ ವಿಧಾನಗಳೂ ಇವೆ, ಆದರೆ ನಮೂನೆಗಳಿಗೆ ಅವು ಬಾರವು. ಈ ಕೊರತೆಯನ್ನು ನೀಗಲು ಹಲವು ಚೌಕಟ್ಟುಗಳು ನಮೂನೆಯೊಳಗೆ ಒಂದು ಗುಪ್ತ ಖಾನೆಯನ್ನು ಇಡುತ್ತವೆ. ‘ನಾನು ಬಂದದ್ದು ಪೋಸ್ಟ್ ಆಗಿ, ಆದರೆ ನನ್ನನ್ನು ಪುಟ್ ಎಂದು ತಿಳಿಯಿರಿ’ ಎಂದು ಅದು ಹೇಳುತ್ತದೆ. ಥಿಂಕ್‌ಪಿಎಚ್‌ಪಿ ಆ ಖಾನೆಯಲ್ಲಿದ್ದ ಪದವನ್ನು ತೆಗೆದು, ಅದೇ ಹೆಸರಿನ ತನ್ನ ಒಳ ಫಂಕ್ಷನ್ನನ್ನು ಕರೆಯುತ್ತಿತ್ತು. ‘ಪುಟ್’ ಎಂದಿದ್ದರೆ ಪುಟ್, ‘ಡಿಲೀಟ್’ ಎಂದಿದ್ದರೆ ಡಿಲೀಟ್. ಬರೆದವರಿಗೆ ಇದು ಚೊಕ್ಕವಾದ ಸಂಕ್ಷೇಪವೆನಿಸಿರಬೇಕು. ಐದು ಕವಲುಗಳನ್ನು ಬರೆಯುವ ಕಡೆ ಒಂದೇ ಸಾಲು!

ಆದರೆ ಆ ಖಾನೆಯಲ್ಲಿ ‘ಕನ್‌ಸ್ಟ್ರಕ್ಟ್’ ಎಂದು ಬರೆದು ಕಳಿಸಿದರೆ? ಅದು ವಸ್ತುವೊಂದನ್ನು ಮೊದಲ ಬಾರಿಗೆ ಕಟ್ಟುವ ಫಂಕ್ಷನ್ನಿನ ಹೆಸರು. ಅದನ್ನು ಮತ್ತೊಮ್ಮೆ ಕರೆದಾಗ, ಕೋರಿಕೆಯಲ್ಲಿ ಬಂದ ಮೌಲ್ಯಗಳು ವಸ್ತುವಿನ ಒಳಗಿನ ಸಿದ್ಧತೆಗಳನ್ನೆಲ್ಲ ತಿದ್ದಿ ಬರೆದವು. ಆ ಸಿದ್ಧತೆಗಳಲ್ಲಿ ‘ಸೋಸುಕ’ ಎಂಬುದೂ ಒಂದು. ಬಳಕೆದಾರರಿಂದ ಬಂದ ಮಾಹಿತಿಯನ್ನು ಯಾವ ಫಂಕ್ಷನ್ನಿನ ಮೂಲಕ ಹಾಯಿಸಿ ಶುದ್ಧಗೊಳಿಸಬೇಕೆಂದು ಅದು ಹೆಸರಿಸುತ್ತದೆ. ಅಲ್ಲಿ ‘ಸಿಸ್ಟಮ್’ ಎಂದು ಬರೆದರೆ ಶುದ್ಧೀಕರಣದ ಹೆಸರಿನಲ್ಲಿ ಸರ್ವರಿಗೆ ಆಜ್ಞೆಗಳು ಹೋಗತೊಡಗಿದವು. 2019ರ ಜನವರಿಯ 5.0.24ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದು ಹೇಗೆ? ಗೆಟ್, ಪೋಸ್ಟ್, ಡಿಲೀಟ್, ಪುಟ್, ಪ್ಯಾಚ್ ಎಂಬ ಐದು ಹೆಸರುಗಳ ಪಟ್ಟಿಯನ್ನು ಬರೆದು, ಬಂದ ಪದ ಈ ಐದರಲ್ಲಿ ಒಂದಾಗಿದ್ದರೆ ಮಾತ್ರ ಮುಂದುವರಿಯಿರಿ ಎಂದರು. ಅಷ್ಟೇ.

ಪಟ್ಟಿ ಏಕೆ ಬೇಕು, ಹೆಸರಿಗೊಂದು ಪೂರ್ವಪದ ಸೇರಿಸಿದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ನಮ್ಮ ವಿದ್ಯುತ್ ಬಿಲ್ ತಾಣದಲ್ಲಿ ಗ್ರಾಹಕರು ಯುಪಿಐ, ಕಾರ್ಡ್ ಎಂದು ಆರಿಸಿದ ಪದದ ಹಿಂದೆ ‘ಪಾವತಿ’ ಎಂಬುದನ್ನು ಅಂಟಿಸಿ ‘ಪಾವತಿ_ಯುಪಿಐ’, ‘ಪಾವತಿ_ಕಾರ್ಡ್’ ಎಂಬ ಫಂಕ್ಷನ್ನುಗಳನ್ನು ಕರೆಯುತ್ತೇವೆ ಎನ್ನೋಣ. ‘ಸಿಸ್ಟಮ್’ ಎಂದು ಕಳಿಸಿದರೆ ‘ಪಾವತಿ_ಸಿಸ್ಟಮ್’ ಎಂಬುದೇ ಇಲ್ಲ, ದಾಳಿ ವಿಫಲ. ಆದರೆ ಕಚೇರಿಯ ಒಳಬಳಕೆಗೆಂದು ‘ಪಾವತಿ_ರದ್ದು’ ಎಂಬ ಇನ್ನೊಂದು ಫಂಕ್ಷನ್ನನ್ನು ಯಾರೋ ಮುಂದಿನ ವರ್ಷ ಬರೆದರೆ, ಹೊರಗಿನವರು ‘ರದ್ದು’ ಎಂದು ಕಳಿಸಿ ಅದನ್ನು ಎಬ್ಬಿಸಬಹುದು. ವರ್ಡ್‌ಪ್ರೆಸ್ ಕೂಡ ಹೊರಗಿನಿಂದ ಬಂದ ಪದಕ್ಕೆ ಪೂರ್ವಪದ ಅಂಟಿಸುತ್ತದೆ, ನಿಜ. ಆದರೆ ಅಲ್ಲಿ ಆ ಹೆಸರಿನಿಂದ ಹುಡುಕುವುದು ಫಂಕ್ಷನ್ನನ್ನಲ್ಲ, ಕೊಕ್ಕೆಯನ್ನು. ಪ್ಲಗಿನ್ ತಾನಾಗಿ ನೇತುಹಾಕಿದ್ದು ಮಾತ್ರ ಅಲ್ಲಿ ಸಿಗುತ್ತದೆ. ಒಳಬಂದ ಬಳಕೆದಾರರಿಗೂ ಅಪರಿಚಿತರಿಗೂ ಬೇರೆ ಬೇರೆ ಪೂರ್ವಪದಗಳಿವೆ. ಇದೂ ಒಂದು ಪಟ್ಟಿಯೇ.

ಪಿಎಚ್‌ಪಿಯಲ್ಲಿ ‘ಎಕೋ’, ‘ಎವಾಲ್’ ಮುಂತಾದವು ಫಂಕ್ಷನ್ನುಗಳಲ್ಲ, ಭಾಷೆಯ ಅಂಗಗಳು. ಅವನ್ನು ಹೆಸರು ಹಿಡಿದು ಕರೆಯಲು ಬರುವುದಿಲ್ಲ. ಅಕ್ಷರಮಾಲೆಯನ್ನೇ ಪ್ರೋಗ್ರಾಮೆಂದು ನಡೆಸುವ ‘ಎವಾಲ್’ ಹೀಗೆ ಕೈಗೆಟುಕದಿರುವುದು ರಕ್ಷಣೆಯೆಂದು ಹಲವರು ಸಮಾಧಾನಪಟ್ಟಿದ್ದರು. ಆದರೆ ‘ಅಸರ್ಟ್’ ಎಂಬ ಫಂಕ್ಷನ್ ಬಹುಕಾಲ ಅದೇ ಕೆಲಸ ಮಾಡುತ್ತಿತ್ತು. ಸರ್ವರುಗಳಲ್ಲಿ ಬಚ್ಚಿಟ್ಟ ಹಿಂಬಾಗಿಲ ಕಡತಗಳಲ್ಲಿ ಅದರ ಹೆಸರನ್ನು ಚೂರುಚೂರಾಗಿ ಬರೆದು ಜೋಡಿಸಿ ಕರೆಯುವುದು ಮಾಮೂಲಾಗಿತ್ತು. ಆ ಬಾಗಿಲು ಪೂರ್ತಿ ಮುಚ್ಚಿದ್ದು 8ನೆಯ ಆವೃತ್ತಿಯಲ್ಲಿ.

ಹೆಸರಲ್ಲ, ಫಂಕ್ಷನ್ನೇ

ಈ ಎರಡರ ನಡುವೆ ಮೂರನೆಯ ದಾರಿಯಿದೆ. ಹೆಸರನ್ನು ಕೊಡುವ ಬದಲು ಫಂಕ್ಷನ್ನನ್ನೇ ಒಂದು ವಸ್ತುವಿನಂತೆ ಕೈಗೆ ಕೊಡುವುದು. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟಿನಲ್ಲಿ ಇದು ಆರಂಭದಿಂದಲೂ ಇದೆ. ಸ್ವಲ್ಪ ಸಮಯದ ನಂತರ ಒಂದು ಕೆಲಸ ನಡೆಯಲೆಂದು ಹೇಳುವ ‘ಸೆಟ್‌ಟೈಮ್‌ಔಟ್’ಗೆ ಆವರಣವಿಲ್ಲದ ಹೆಸರನ್ನು ಕೊಟ್ಟರೆ ಫಂಕ್ಷನ್ ತಲುಪುತ್ತದೆ. ಉದ್ಧರಣ ಚಿಹ್ನೆಗಳಲ್ಲಿ ಕೊಟ್ಟರೆ ತಲುಪುವುದು ಬರಿಯ ಪಠ್ಯ. ಅದು ಪುಟದ ಹೊರಾಂಗಣದಲ್ಲಿ ಪ್ರೋಗ್ರಾಮಾಗಿ ನಡೆಯುತ್ತದೆ, ಬರೆದ ಜಾಗದ ಒಳ ವೇರಿಯಬಲ್ಲುಗಳು ಅದಕ್ಕೆ ಕಾಣುವುದಿಲ್ಲ, ಕಟ್ಟುನಿಟ್ಟಿನ ಭದ್ರತಾ ನೀತಿಯುಳ್ಳ ತಾಣಗಳಲ್ಲಿ ಬ್ರೌಸರು ಅದನ್ನು ತಡೆದೇ ಬಿಡುತ್ತದೆ. ಆವರಣ ಸಮೇತ ಬರೆದರೆ ಫಂಕ್ಷನ್ ಆ ಕ್ಷಣವೇ ನಡೆದು ಅದರ ಫಲಿತಾಂಶ ಮಾತ್ರ ತಲುಪುತ್ತದೆ. ಹೊಸದಾಗಿ ಕಲಿಯುವವರು ಎಡವುವ ಜಾಗ ಇದು.

ಗೂಗಲ್ 2009ರಲ್ಲಿ ಮುಕ್ತವಾಗಿ ನೀಡಿದ ಕ್ಲೋಶರ್ ಕಂಪೈಲರ್ ಈ ಭೇದವನ್ನು ನಿರ್ದಯವಾಗಿ ಎತ್ತಿ ತೋರಿಸುತ್ತದೆ. ಪುಟ ಬೇಗ ತೆರೆದುಕೊಳ್ಳಲೆಂದು ಅದು ಉದ್ದ ಹೆಸರುಗಳನ್ನು ಒಂದೆರಡು ಅಕ್ಷರಗಳಿಗೆ ಇಳಿಸುತ್ತದೆ, ಯಾರೂ ಕರೆಯದ ಫಂಕ್ಷನ್ನುಗಳನ್ನು ಅಳಿಸುತ್ತದೆ. ನೇರ ಕರೆಗಳೆಲ್ಲ ಜೊತೆಗೇ ಬದಲಾಗುತ್ತವೆ. ಉದ್ಧರಣ ಚಿಹ್ನೆಗಳೊಳಗಿನ ಹೆಸರನ್ನು ಅದು ಮುಟ್ಟುವುದಿಲ್ಲ. ಪರಿಣಾಮ, ಹೆಸರು ಹಳೆಯದು, ಫಂಕ್ಷನ್ ಹೊಸದು, ಕರೆ ಶೂನ್ಯಕ್ಕೆ.

ಪೈಥಾನ್ ಭಾಷೆಯ ಜ್ಯಾಂಗೊ ಚೌಕಟ್ಟಿನಲ್ಲಿ ಯಾವ ವಿಳಾಸಕ್ಕೆ ಯಾವ ಫಂಕ್ಷನ್ ಎಂಬುದನ್ನು ವರ್ಷಗಟ್ಟಲೆ ಚುಕ್ಕಿಗಳಿಂದ ಜೋಡಿಸಿದ ಅಕ್ಷರಮಾಲೆಯಾಗಿ ಬರೆಯಲಾಗುತ್ತಿತ್ತು. 2015ರ 1.8ನೆಯ ಆವೃತ್ತಿಯಲ್ಲಿ ಅದನ್ನು ಬಿಡಬೇಕೆಂದು ಎಚ್ಚರಿಸಿ, 2016ರ 1.10ರಲ್ಲಿ ಕಿತ್ತುಹಾಕಿದರು. ಹೆಸರು ತಪ್ಪಾದಾಗ ದೋಷ ಸ್ಪಷ್ಟವಾಗಿ ಕಾಣಬೇಕು, ಸಂಪಾದಕ ತಂತ್ರಾಂಶಗಳು ನೆರವಾಗಬೇಕು ಎಂಬುದು ಕಾರಣ. ಪಿಎಚ್‌ಪಿಯ ಲಾರಾವೆಲ್ 2020ರ 8ನೆಯ ಆವೃತ್ತಿಯಲ್ಲಿ ಇಂಥದೇ ದಾರಿ ಹಿಡಿಯಿತು. ಪರ್ಲ್ ಭಾಷೆಯವರು ಇದನ್ನು ಕೇಳಿ ನಕ್ಕಿರಬಹುದು. ಅಲ್ಲಿ ಪ್ರೋಗ್ರಾಮಿನ ತಲೆಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಎಂದು ಬರೆದರೆ ಬರಿಯ ಹೆಸರನ್ನು ಫಂಕ್ಷನ್ನೆಂದು ಕರೆಯುವ ಸಾಮಾನ್ಯ ದಾರಿ ಹಿಂದಿನಿಂದಲೂ ಬಂದ್. ಪಿಎಚ್‌ಪಿಗೆ ಈ ಸುಖ ತಡವಾಗಿ ಬಂತು. 2021ರ ನವೆಂಬರಿನ 8.1ರಲ್ಲಿ ಫಂಕ್ಷನ್ನಿನ ಹೆಸರಿನ ಮುಂದೆ ಆವರಣದೊಳಗೆ ಮೂರು ಚುಕ್ಕಿ ಇಟ್ಟರೆ ಫಂಕ್ಷನ್ನೇ ಕೈಗೆ ಸಿಗುತ್ತದೆ. ಉದ್ಧರಣ ಚಿಹ್ನೆ ಬೇಕಿಲ್ಲ, ತಪ್ಪು ಬರೆದರೆ ಆ ಸಾಲಿನಲ್ಲಿಯೇ ಸಿಕ್ಕಿಬೀಳುತ್ತದೆ. ಬಿಲ್ ತಾಣದಲ್ಲಿ ‘ಯುಪಿಐ’ ಎಂಬ ಪದದ ಎದುರು ಒಂದು, ‘ಕಾರ್ಡ್’ ಎಂಬುದರ ಎದುರು ಇನ್ನೊಂದು ಎಂದು ಇವನ್ನೇ ಪಟ್ಟಿ ಮಾಡಿಟ್ಟರೆ, ಹೊರಗಿನಿಂದ ಬರುವ ಪದ ಪಟ್ಟಿಯ ಕೀಲಿ ಮಾತ್ರ ಆಗುತ್ತದ್ದೇ ಹೊರತು ಫಂಕ್ಷನ್ನಿನ ಹೆಸರಾಗುವುದಿಲ್ಲ.

ಕನ್ನಡದಲ್ಲಿ ಹೆಸರಿಟ್ಟರೆ?

ಮೇಲಿನ ಉದಾಹರಣೆಗಳಲ್ಲಿ ಕನ್ನಡದ ಹೆಸರುಗಳನ್ನು ಬಳಸಿದ್ದು ಓದುಗರ ಅನುಕೂಲಕ್ಕಷ್ಟೇ ಅಲ್ಲ. ಪಿಎಚ್‌ಪಿಯೂ ಪೈಥಾನಿನ ಮೂರನೆಯ ಸರಣಿಯೂ ಕನ್ನಡ ಲಿಪಿಯ ಫಂಕ್ಷನ್ ಹೆಸರುಗಳನ್ನು ನಿಜವಾಗಿಯೂ ಒಪ್ಪುತ್ತವೆ. ಆದರೆ ಇಲ್ಲಿ ನಮ್ಮ ಲಿಪಿಯಲ್ಲಿ ಒಂದು ತೊಡಕಿದೆ. ಯೂನಿಕೋಡಿನಲ್ಲಿ ‘ಬೇ’ ಎಂಬುದರ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಹ್ರಸ್ವ ಎತ್ವ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪೈಥಾನ್ ಪ್ರೋಗ್ರಾಮಿನ ಪಠ್ಯದಲ್ಲಿರುವ ಹೆಸರುಗಳನ್ನು ಓದುವಾಗಲೇ ಏಕರೂಪಕ್ಕೆ ತರುತ್ತದೆ. ಆದ್ದರಿಂದ ನೇರ ಕರೆ ಯಾವ ರೂಪದಲ್ಲಿದ್ದರೂ ಫಂಕ್ಷನ್ ಸಿಗುತ್ತದೆ. ಅಕ್ಷರಮಾಲೆಯಾಗಿ ಬಂದ ಹೆಸರಿಗೆ ಈ ಉಪಚಾರವಿಲ್ಲ. ಎರಡು ಸಂಕೇತಗಳ ರೂಪದಲ್ಲಿದ್ದರೆ, ಕಣ್ಣೆದುರೇ ಇರುವ ಫಂಕ್ಷನ್ ‘ಇಲ್ಲ’ ಎಂದು ಉತ್ತರ ಬರುತ್ತದೆ. ಮ್ಯಾಕ್ ಗಣಕಗಳ ಹಳೆಯ ಕಡತ ವ್ಯವಸ್ಥೆ ಕಡತಗಳ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಕಡತದ ಹೆಸರಿನಿಂದ ಫಂಕ್ಷನ್ನನ್ನು ಹುಡುಕುವವರು ಇದನ್ನು ಗಮನಿಸಬೇಕು.

ಪಿಎಚ್‌ಪಿ ಇಂಥ ಯಾವ ಏಕೀಕರಣವನ್ನೂ ಮಾಡುವುದಿಲ್ಲ, ನೇರ ಕರೆಯಲ್ಲೂ ಇಲ್ಲ, ಹೆಸರಿನ ಕರೆಯಲ್ಲೂ ಇಲ್ಲ. ಅರ್ಧಾಕ್ಷರದ ಕೊನೆಯಲ್ಲಿ ಕೀಲಿಮಣೆಯಿಂದ ಕೆಲವೊಮ್ಮೆ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಬಿಡಿಸುವ ಸಂಕೇತವನ್ನೂ ಅದು ಹೆಸರಿನ ಭಾಗವೆಂದೇ ತಿಳಿಯುತ್ತದೆ. ಪೈಥಾನಾದರೆ ಆ ಸಂಕೇತವಿರುವ ಹೆಸರನ್ನು ಪಠ್ಯದಲ್ಲಿ ಕಂಡ ಕೂಡಲೇ ತಿರಸ್ಕರಿಸುತ್ತದೆ. ‘ಪಾವತಿ_ಕಾರ್ಡ್’ ಎಂದು ಇಬ್ಬರು ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಲ್ಲಿ ಬರೆದದ್ದು ಪಿಎಚ್‌ಪಿಯ ಕೋಷ್ಟಕದಲ್ಲಿ ಎರಡು ಬೇರೆ ಹೆಸರುಗಳಾಗಿ ಕುಳಿತಿರಬಹುದು. ಹೋಲಿಸುವ ಮೊದಲು ‘ಇಂಟ್ಲ್’ ವಿಸ್ತರಣೆಯ ‘ನಾರ್ಮಲೈಸರ್’ನಿಂದ ಹಾಯಿಸಿದರೆ ಸ್ವರಚಿಹ್ನೆಗಳ ಭೇದ ಅಳಿಯುತ್ತದೆ. ಕಾಣದ ಆ ಸಂಕೇತವನ್ನು ಮಾತ್ರ ಪ್ರತ್ಯೇಕವಾಗಿ ಹುಡುಕಿ ತೆಗೆಯಬೇಕು.